ಹೊಟ್ಟೆ ತಣ್ಣಗಿರಲಿ

ಪಿಕಪ್ಪಿನ ಬೆನ್ನಿಂದ ಇಳಿಸಿದಾಗ
ಮುಸಫ್ಫಾದ ನಮ್ಮ ಗ್ಯಾರೇಜಿನಲ್ಲಿ ನಗದವರಿಲ್ಲ:
ಮುಂದೆ ಎರಡು ಹಲಗೆಗಾಲು, ಹಿಂದೆ ರಬ್ಬರಿನ ಪಟ್ಟಿ,
ಚಕ್ರವೆಂಬುದೇ ಇಲ್ಲ.
ಹೊರಗೆ ನಲವತ್ತೇಳು ಡಿಗ್ರಿ,
ರಸ್ತೆ ಅಗೆಯುವವರನ್ನೂ ನೆರಳಿಗೆ ಅಟ್ಟುವ ಜುಲೈ ಮಧ್ಯಾಹ್ನ.
ಹಿಮದ ಮೇಲೆ ಓಡುವ ಗಾಡಿಗೆ
ಸೆಕೆಯಂತೆ!

‘ಹತ್ತೇ ನಿಮಿಷ, ಕೆಂಪು ದೀಪ ಬರುತ್ತೆ’
ಎಂದ ರೊಡೆಲ್, ಹಿಮದ ಹಾಲಿನ ರಾತ್ರಿಪಾಳಿಯವ,
ಉಣ್ಣೆಯ ಟೊಪ್ಪಿ ತೆಗೆಯಲು ಮರೆತೇ ಬಂದವ.

ರೇಡಿಯೇಟರ್ ಹುಡುಕಿದೆ.
ಮೂತಿಯಲ್ಲಿಲ್ಲ, ಪಕ್ಕೆಯಲ್ಲಿಲ್ಲ, ಫ್ಯಾನೂ ಇಲ್ಲ.
ಮಲ್ಪೆಯಲ್ಲಿ ಹನ್ನೊಂದು ವರ್ಷ
ಟ್ರಾಲ್ ಬೋಟಿನ ಇಂಜಿನ್ನಿಗೆ ಕೈ ಹಾಕಿದವನಿಗೆ
ಇದೆಂಥ ನಾಚಿಕೆ.
ಕೊನೆಗೆ ಗಾಡಿಯನ್ನೇ ಮಗ್ಗುಲಿಗೆ ಮಲಗಿಸಿ ಬಗ್ಗಿದರೆ
ಪಟ್ಟಿಯ ಮೇಲಿನ ಸುರಂಗದ ಮಾಡಿಗೆ ಅಂಟಿಕೊಂಡು
ಅಲ್ಯೂಮಿನಿಯಮ್ಮಿನ ಉದ್ದ ಕೊಳವೆಗಳು.
ಓಹೋ, ನಮ್ಮ ಬೋಟಿನ ನೆಂಟ!
ಅದು ಕಡಲನ್ನು ಕುಡಿದು ತಣಿಯುವ ಜಾತಿ,
ಇದು ತಾನೇ ಎರಚಿಕೊಂಡ ಹಿಮದಿಂದ.
ಪಟ್ಟಿ ಹಿಮವನ್ನು ಕಿತ್ತು ಮೇಲಕ್ಕೆ ಚಿಮ್ಮಬೇಕು,
ಹಿಮ ಹೊಟ್ಟೆಗೆ ಬಡಿದು ಕರಗಬೇಕು,
ಕರಗುವಾಗ ಬೇಗೆಯನ್ನೂ ಕರೆದೊಯ್ಯಬೇಕು.
ನಿಂತರೆ ಬೇಯುತ್ತದೆ.

ಬಾಯಾರಿದಾಗ ಯಾರು ನೀರು ಕೊಟ್ಟರೂ ಅಜ್ಜಿ ಹೇಳುತ್ತಿದ್ದಳು,
‘ನಿನ್ನ ಹೊಟ್ಟೆ ತಣ್ಣಗಿರಲಿ.’
ಹರಸುವ ಮಾತು ಅಂದುಕೊಂಡಿದ್ದೆ,
ಮೆಕ್ಯಾನಿಕಿನ ಮಾತು.

ಕೂಲೆಂಟ್ ಬದಲಿಸಿದೆ, ಸಿಕ್ಕಿಬಿದ್ದ ಗಾಳಿ ಬಿಡಿಸಿದೆ,
ಸುಲೈಮಾನಿ ಕಾಯಿಸುವ ಕೆಟಲಿನಲ್ಲಿ
ಥರ್ಮೋಸ್ಟಾಟನ್ನು ಕುದಿಸಿದೆ.
ಸಿಪ್ಪೆ ಬಿಡುವ ಮರುವಾಯಿಯ ಹಾಗೆ
ಬಾಯಿ ತೆರೆಯಿತು ಸಾವಕಾಶ. ಅದೂ ಸರಿಯಿದೆ.
ಇನ್ನು ಓಡಿಸಿ ನೋಡಬೇಕು. ಹಿಮ?
ಗುಲ್ ಜಮಾನ್, ನಮ್ಮ ಡೆಂಟರ್, ಚಿತ್ರಾಲಿನವ,
ಹಿಮದಲ್ಲೇ ಹುಟ್ಟಿದವ, ಮಾತಿಲ್ಲದೆ ಹೊರಟು
ಮೀನಾ ಬಂದರಿನಿಂದ ತಂದ
ಮೀನಿನ ಪೆಟ್ಟಿಗೆ ತುಂಬ ಪುಡಿ ಐಸು.
ಗಾಡಿಯನ್ನು ಸ್ಟ್ಯಾಂಡಿಗೇರಿಸಿ, ಪಟ್ಟಿ ತಿರುಗಿಸಿ,
ಸಲಿಕೆಯಲ್ಲಿ ಅವನು ಉಣಿಸಿದ.
ಹಬೆ, ಹಮೂರಿನ ವಾಸನೆ, ಒಂದು ಪೊರೆ
ನನ್ನ ಕನ್ನಡಕಕ್ಕೆ ಬಂದು ಅಂಟಿತು.
ಮುಳ್ಳು ಇಳಿಯಿತು.

ಅಂದರೆ ತಪ್ಪು ಗಾಡಿಯದ್ದಲ್ಲ,
ಗುಡ್ಡದ್ದು.

ರಾತ್ರಿ ಒಂದೂವರೆಗೆ ಒಳಗೆ ಬಿಟ್ಟರು.
ಇದ್ದದ್ದು ಒಂದೇ ಕೋಟು, ಎದೆಯ ಮೇಲೆ ಯಾರದೋ ಹೆಸರು;
ಗುಲ್ ಜಮಾನ್ ಪಾರ್ಕಿಂಗಿನಲ್ಲೇ ಉಳಿದ.
ಹಿಮ ಅಂದರೆ ಅರಳೆ ಎಂದಿದ್ದೆ ನಾನು.
ಕಾಲಿಟ್ಟರೆ ಮೊಸಾಯಿಕ್ ನೆಲ!
ದಿನಾ ರಾತ್ರಿ ಒತ್ತಿ ಒತ್ತಿ ಕಲ್ಲಾದದ್ದು,
ಪಟ್ಟಿಯ ಉಗುರಿಗೆ ಒಂದು ಚೂರೂ ಸಿಗದು.
ಹಲಗೆಗಾಲಿನ ಪಕ್ಕ ಗೀಚುವ ಎರಡು ಉಕ್ಕಿನ ಕಡ್ಡಿಗಳು
ಪ್ಲಾಸ್ಟಿಕ್ ಪಟ್ಟಿಯಲ್ಲಿ ಕಟ್ಟಿಸಿಕೊಂಡು
ಮೇಲೆ ಸುಮ್ಮನೆ ಕೂತಿವೆ.
‘ಶೆಡ್ಡಿನ ಟೈಲ್ಸ್ ಗೀರುತ್ತೆ ಅಂತ ಮ್ಯಾನೇಜರ್...’
ರೊಡೆಲ್ ನೆಲ ನೋಡಿದ.
ಕತ್ತರಿಸಿದೆ.

ಕಡ್ಡಿ ಗೀಚಿತು, ಹಿಮ
ಚಿರೋಟಿ ರವೆಯಂತೆ ಎದ್ದು ಹೊಟ್ಟೆಗೆ ಹಾರಿತು.
ಐದು ಸುತ್ತು. ದೀಪ ಬರಲಿಲ್ಲ.
‘ಹಿಂದಕ್ಕೆ ಹೋಗುವಾಗ ಮಾತ್ರ ಎತ್ತು, ಮುರಿದೀತು.
ಮಕ್ಕಳು ಫೋಟೋಕ್ಕೆ ನಿಂತರೆ ಇಂಜಿನ್ ಬಂದ್ ಮಾಡು’
ಎಂದು ಹಲ್ಲು ಕಟಕಟಿಸುತ್ತ ಹೇಳಿದೆ.

ಬರುವಾಗ ಊಟದ ಡಬ್ಬಿಗೆ ಒಂದು ಬೊಗಸೆ ತುಂಬಿದೆ,
ಗುಲ್ ಜಮಾನ್‌ಗೆ. ಒಂಬತ್ತು ವರ್ಷವಾಯ್ತು ಅವನು ಊರು ಕಂಡು.
ಸೇತುವೆ ದಾಟುವುದರೊಳಗೆ
ನಮ್ಮ ಪಿಕಪ್ಪೇ ಬುಸುಗುಟ್ಟಿ ನಿಂತಿತು.
ಬಾನೆಟ್ ಎತ್ತಿ ಅರ್ಧ ಗಂಟೆ ಕಾದೆವು,
ರಾತ್ರಿಯೂ ಬೆವರುವ ಗಾಳಿಯಲ್ಲಿ.
ಡಬ್ಬಿ ತೆರೆದರೆ ನೀರು, ನಡುವೆ
ಹುಣಸೆ ಬೀಜದಷ್ಟು ಬಿಳಿ.
ಅವನು ಬೆರಳದ್ದಿ ನೆಕ್ಕಿದ,
‘ನಲ್ಲಿ ನೀರು’ ಎಂದ.
ಬಿಳಿಯನ್ನು ಹಣೆಗೆ ಒತ್ತಿಕೊಂಡು
ಉಳಿದದ್ದನ್ನು ರೇಡಿಯೇಟರಿಗೆ ಹೊಯ್ದ.