ಬಂಡಿಪಾಳ್ಯದ ಸುತ್ತು

ಹಾಳೆಯಲ್ಲಿ ಹೆಸರು ಋತುಜಾ ಖೋಬ್ರಾಗಡೆ ಅಂತಿತ್ತು.
ನನ್ನ ನಾಲಿಗೆಗೆ ಹತ್ತಲಿಲ್ಲ. ಕೊಬ್ಬರಿ ಮೇಡಂ ಅಂದೆ.
ನಕ್ಕರು,
ನಗು ಮುಗಿಯುವ ಮೊದಲೇ ತಲೆ ಸೀಟಿಗೆ ವಾಲಿತು.

ಬೆಳಗಿನ ಜಾವ ನಾಲ್ಕು ಹತ್ತು.
ಗನ್‌ಹೌಸ್ ಬಳಿ ಸಿಗ್ನಲ್ಲು ಹಳದಿ ಮಿಟುಕಿಸುತ್ತಾ
ತಾನೂ ತೂಕಡಿಸುವ ಹೊತ್ತು.
ಹೋಟೆಲಿನಿಂದ ಮಂಡಕಳ್ಳಿಗೆ ಇಪ್ಪತ್ತೆರಡು ನಿಮಿಷ.
ನಂಜನಗೂಡು ರಸ್ತೆಯ ಹಂಪು ಒಂದೊಂದೂ ನನಗೆ ನೆಂಟ,
ಮೆಲ್ಲಗೆ ಮಾತಾಡಿಸಿಯೇ ದಾಟುತ್ತೇನೆ.
ಬಂಡಿಪಾಳ್ಯದ ಮಾರ್ಕೆಟ್ಟಿನಲ್ಲಿ
ಟೊಮೆಟೊ ಕ್ರೇಟು ಇಳಿಸುವವರ ಕೂಗು;
ಅಲ್ಲಿ ಗಾಜು ಏರಿಸುತ್ತೇನೆ.

ಕಂಪನಿಯದು ಪುಟ್ಟ ವಿಮಾನ, ರೆಕ್ಕೆಗೊಂದು ಫ್ಯಾನು.
ಟಿಕೆಟ್ಟು ಸೋವಿ. ಒಳಗೆ ನೀರಿಗೂ ದುಡ್ಡು.
ಹಾರಿಸುವವರಿಗೂ ಅಷ್ಟೇ, ಅಂದರು ಒಮ್ಮೆ,
ತಿಂಡಿ ಡಬ್ಬಿಯ ಬೆಲೆ ಸಂಬಳದಲ್ಲಿ ಮುರಿಯುತ್ತಾರಂತೆ.
ನಾಗಪುರದ ಅಪ್ಪನ ಮನೆಪತ್ರ ಬ್ಯಾಂಕಿನ ಕಪಾಟಿನಲ್ಲಿ.
ಹದಿನಾಲ್ಕು ಜನ ಇದ್ದರಂತೆ ಯುಗಾದಿಯ ತನಕ.
ಒಂಬತ್ತು ಜನ ಹೋದರು,
ಕೆಲವರು ದೊಡ್ಡ ಕಂಪನಿಗೆ, ಕೆಲವರು ದುಬೈಗೆ.
ಉಳಿದ ಐವರ ಹೆಗಲ ಮೇಲೆ
ಹದಿನಾಲ್ಕು ಜನರ ಆಕಾಶ.

ಅವರ ನಿದ್ದೆಗೆ ಕಾನೂನು ಉಂಟು, ಪುಸ್ತಕದಲ್ಲಿ.
ನನ್ನ ನಿದ್ದೆಗೆ ಹಸಿ ಶುಂಠಿಯ ಚೂರು, ದವಡೆಯಲ್ಲಿ.
ಆ ಪುಸ್ತಕವೂ ವಿಚಿತ್ರ:
ವಿಮಾನ ನಿಂತು ಕಾಗದ ಮುಗಿದ ಕ್ಷಣದಿಂದಲೇ
ವಿಶ್ರಾಂತಿಯ ಗಡಿಯಾರ ಓಡತೊಡಗುತ್ತದಂತೆ.
ನನ್ನ ಕಾರಿಗೆ ಕಾದದ್ದೂ ವಿಶ್ರಾಂತಿ,
ಕಾರಿನಲ್ಲಿ ಕೂತದ್ದೂ ವಿಶ್ರಾಂತಿ.
ಅಂದರೆ ಲೆಕ್ಕದ ಪ್ರಕಾರ
ನಾನು ಡ್ರೈವರಲ್ಲ, ಹಾಸಿಗೆ.

ಹಾಸಿಗೆಯಾದ ಮೇಲೆ ಹಾಸಿಗೆಯ ಹಾಗೇ ಇರಬೇಕು.
ಎಂಟು ನಿಮಿಷ ಮಿಕ್ಕ ದಿನ
ನೇರ ಹೋಗದೆ ರಿಂಗ್ ರೋಡಿಗೆ ತಿರುಗಿಸಿದೆ.
ಮೂರನೇ ಗೇರು ದಾಟಲಿಲ್ಲ. ಡೀಸೆಲ್ಲು ನನ್ನದು.
ಕನ್ನಡಿಯಲ್ಲಿ ಅವರ ಬಾಯಿ ಚೂರು ತೆರೆದಿತ್ತು,
ಮಡಿಲ ಟೋಪಿ ಜಾರಿ ಕಾಲ ಬಳಿ ಬಿದ್ದಿತ್ತು.
ಭುಜದ ಮೇಲಿನ ಚಿನ್ನದ ಪಟ್ಟಿ
ನಿದ್ದೆಯಲ್ಲೂ ಡ್ಯೂಟಿಯಲ್ಲೇ ಇತ್ತು.
ಮತ್ತೆ ಕೇಳಲಿಲ್ಲ ಅವರೂ,
ದಾರಿ ಯಾಕೆ ಉದ್ದವಾಯಿತೆಂದು.

ನನ್ನಿಂದ ಅವರು ಕಲಿತ ಕನ್ನಡ ಮೂರೇ ಮಾತು:
ಬನ್ನಿ. ಸಾಕು. ಆಗಲ್ಲ.

ಶ್ರಾವಣದ ಮೊದಲ ಸೋಮವಾರ.
ಗೇಟಿನ ಬಳಿ ಇಳಿದವರು ಬೇಲಿಯಾಚೆ ನೋಡುತ್ತಾ ನಿಂತರು.
ಟಿಟ್ಟಿಭವೊಂದು ಕತ್ತಲಲ್ಲಿ ಬೈಯುತ್ತಾ ಹಾರಿತು.
ವಾಪಸು ಬಂದು ಕೂತರು.
ಅಣ್ಣಾ, ಅಲ್ಲಿ ಎರಡು ರನ್‌ವೇ ಇದೆಯಾ?

ಮಂಡಕಳ್ಳಿಯಲ್ಲಿರುವುದು ಒಂದೇ,
ಅದೂ ಗಿಡ್ಡ.

ಫೋನಿನಲ್ಲಿ ಇಪ್ಪತ್ತು ನಿಮಿಷ.
ಆ ಕಡೆಯ ದನಿ ಮೊದಲು ಬೆಣ್ಣೆ, ಆಮೇಲೆ ಬ್ಲೇಡು.
ಇಟ್ಟಾದ ಮೇಲೆ ನನ್ನತ್ತ ತಿರುಗಿ
ಪರೀಕ್ಷೆ ಒಪ್ಪಿಸುವ ಹುಡುಗಿಯ ಹಾಗೆ ಹೇಳಿದರು:
ಆಗಲ್ಲ, ಅಂದೆ.
ಹೇಳಿ ಅಲ್ಲೇ ನಿದ್ದೆ ಹೋದರು.

ಬದಲಿಗೆ ಯಾರೂ ಇರಲಿಲ್ಲ.
ಗಟ್ಟಿಮುಟ್ಟಾದ ವಿಮಾನ
ಕೊಟ್ಟಿಗೆಯ ಎತ್ತಿನಂತೆ ಸುಮ್ಮನೆ ನಿಂತಿತ್ತು.
ತಾಂತ್ರಿಕ ಕಾರಣದಿಂದ, ಅಂತ ಮೈಕು ಹೇಳಿತಂತೆ.
ಹೈದರಾಬಾದಿನ ಸಂದರ್ಶನಕ್ಕೆ ಹೊರಟಿದ್ದ ಹುಡುಗ
ಇಸ್ತ್ರಿ ಕೆಟ್ಟೀತೆಂದು ಕೂರದೆ ನಿಂತವನು
ಹೊರಗೆ ಬಂದು ಮೆಟ್ಟಿಲ ಮೇಲೆ ಧೊಪ್ಪನೆ ಕೂತ.
ಅವನ ಮುಖ ನೋಡಲಾಗಲಿಲ್ಲ ನನಗೆ.
ಇನ್ನೊಬ್ಬರು ಕಾರಿನ ಬಾನೆಟ್ಟಿಗೆ ಗುದ್ದಿದರು,
ಯಾರ್ರೀ ಅದು ಹಿಂದಿನ ಸೀಟಿನಲ್ಲಿ?
ತಾಂತ್ರಿಕ ಕಾರಣ, ಅಂದೆ.

ಹೋಟೆಲಿಗೆ ಬಿಡುವಾಗ ಬೆಳಕು ಹರಿದಿತ್ತು.
ಸುತ್ತು ಹಾಕಿಯೇ ಬಿಟ್ಟೆ.
ಮುಂದಿನ ತಿಂಗಳ ಹಾಳೆಯಲ್ಲಿ ಅವರ ಹೆಸರು ಇರಲಿಕ್ಕಿಲ್ಲ.

ಅಷ್ಟರಲ್ಲಿ ಟ್ರಾವೆಲ್ಸಿನ ಮಾಲೀಕರ ಫೋನು:
ನಿಂಗರಾಜು, ಏಳು ಗಂಟೆಗೆ ಊಟಿ ಪಾರ್ಟಿ, ಹಂಗೇ ಹೊರಡು.
ಆರು ಕಾರು, ಮೂರೇ ಜನ ನಾವೂ.
ಶುಂಠಿ ಮುಗಿದಿತ್ತು.
ಕಣ್ಣುಜ್ಜಿ ರಸ್ತೆ ಎಣಿಸಿದೆ.
ಒಂದು.
ಮತ್ತೆ ಎಣಿಸಿದೆ.
ಹಲೋ, ಹಲೋ, ಅನ್ನುತ್ತಿದ್ದರು ಅವರು.
ನಾನೇ ಕಲಿಸಿದ ಮಾತು
ನನ್ನ ನಾಲಿಗೆಗೆ ಹತ್ತಲಿಲ್ಲ.