ಚಂದ್ರಕಾಳಿ

ಹಾತಲಗೇರಿ ನಾಕಾದಿಂದ ಬೆಟಗೇರಿಗೆ
ಒಂದ ಆಟೋ, ಆರು ಮಂದಿ.
ಮಾವನ ತೊಡಿ ಮ್ಯಾಲ ಚಕ್ಕಲಿ ಡಬ್ಬಿ,
ನನ್ನ ತೊಡಿ ಮ್ಯಾಲ ಮೂರನೇ ಕುರಿ,
ಅಂದ್ರ ನನ್ನ ಮಗ ಎಬಿನೇಜರ,
ಹಳೆ ಗಾದಿಯ ಅರಳಿ ಹಚ್ಚಿದ ಬನೀನಿನಾಗ.
‘ಬ್ಯಾ’ ಅಂತ ಎರಡ ಸಲ ಅಂದ್ರ ಸಾಕು
ಅಂತ ಟೀಚರ ಹೇಳ್ಯಾರ.
ದಾರಿಯೊಳಗ ನಲವತ್ತ ಸಲ ಅಂದ.

ಟಾಂಗಾ ಕೂಟ ದಾಟೂತನಾ ನಗಿ.
ಆಮ್ಯಾಲ ನನಗ ನೆನಪಾತು.

ಹೋದ ತಿಂಗಳ ಮಾರ್ಥಾ ಟೀಚರ ಬಂದು
‘ಕರಿ ಅರಿವಿ ಏನರ ಐತೇನ್ರಿ, ನಾಟಕಕ್ಕ?’ ಅಂದಾಗ
ಮಾವ ರೇಶನ್ ತರಾಕ ಹೋಗಿದ್ರು.
ಟ್ರಂಕಿನ ತಳದಾಗ, ನುಸಿಗುಳಿಗಿ ವಾಸನಿಯೊಳಗ,
ಅತ್ತಿಯ ಚಂದ್ರಕಾಳಿ.
ಕೊಟ್ಟಬಿಟ್ಟೆ.
ಯಾಕ ಅಂತ ಕೇಳಬ್ಯಾಡ್ರಿ.
ಉಡಾಕ ನನಗ ಧೈರ್ಯ ಇರಲಿಲ್ಲ,
ಇಡಾಕ ಜಾಗಾ ಇರಲಿಲ್ಲ,
ಮಕ್ಕಳ ಸ್ವೆಟರು ಎರಡ ವರ್ಷದಿಂದ
ಅಡಗಿಮನಿ ಡಬ್ಬಿಯೊಳಗ ಇದ್ದವು, ಅಷ್ಟ.

ಚರ್ಚಿನ ಅಂಗಳದಾಗ ಪೆಂಡಾಲು, ಕೆಂಪ ಕುರ್ಚಿ.
ಮೈಕು ಕುಂಯ್ ಅಂದು ಸುಮ್ಮನಾತು.
ಪಾಸ್ಟರ ಪ್ರಾರ್ಥನಿ ಉದ್ದಾತು, ಹಿಂದಿನ ಸಾಲಿನಾಗ
ಯಾರೋ ಶೇಂಗಾ ಸುಲಿಯೂ ಸಪ್ಪಳ.
ಪರದೆ ಸರೀತು.

ಕೊಟ್ಟಿಗಿ ಹಿಂದ, ಈ ಕಂಬದಿಂದ ಆ ಕಂಬಕ್ಕ,
ಎಂಟ ಗಜ ಬೆತ್ಲೆಹೇಮಿನ ರಾತ್ರಿ.
ಚಿಕ್ಕಿಪರಾಸದ ಕೆಂಪ ದಡಿ ನೆಲಕ್ಕ ಹತ್ತಿತ್ತು,
ಬಲಕ್ಕ ಸೆರಗಿನ ಟೋಪ ತೆನಿ, ದೂರದ ಗುಡ್ಡದಂಗ.
ನಾದಿನಿ ಯೂನೀಸಳ ಉಗುರು
ನನ್ನ ಮೊಣಕೈಯಾಗ ನಟ್ಟವು.
ಮಾವನ ಮುಖಾ ನೋಡಲಿಲ್ಲ ನಾನು.
ಡಬ್ಬಿ ಮ್ಯಾಲಿನ ಬೆರಳು ಮಾತ್ರ ಕಂಡವು.
ಮೂವತ್ತೆಂಟ ವರ್ಷ ಲಾಳಿ ಎಸೆದ ಬೆರಳು,
ಆ ಸೀರಿ ನೇಯ್ದ ಬೆರಳು,
ಮಗ್ಗ ಮಾರಿದ ಮ್ಯಾಲೂ
ಕತ್ತಲದಾಗ ಎಳಿ ಹುಡಕೂ ಬೆರಳು.

ಯೋಸೇಫನ ಗಡ್ಡ ಒಂದ ಕಡೆ ಬಿಚ್ಚಿ ಜೋತಾಡ್ತು.
ಮರಿಯಾ ಕೂಸಿನ್ನ ಬಿಟ್ಟು
ಜನರೊಳಗ ಕೂತ ತಮ್ಮವ್ವಗ ಕೈ ಮಾಡಿದ್ಲು.
ಎರಡನೇ ಜ್ಞಾನಿ ಧೂಪ ಮರತ ಬಂದಿದ್ದ,
ಖಾಲಿ ಕೈಯನ್ನ ಭಾಳ ಮರ್ಯಾದಿಲೇ ಒಪ್ಪಿಸಿದ.
ತೂಗ ಹಾಕಿದ ದೊಡ್ಡ ಚಿಕ್ಕಿ
ಎಷ್ಟ ಬಟನ್ ಒತ್ತಿದ್ರೂ ಹತ್ತಲಿಲ್ಲ.
ಹಿಂದಿನ ಬಲ್ಬಿನ ಬೆಳಕ ಮಾತ್ರ
ಸೀರಿಯೊಳಗಿನ ಒಂದ ತೂತಿನಿಂದ ಬಂತು, ಸಾಸವಿಯಷ್ಟು.
ರೊಟ್ಟಿ ಬಡಿಯೂಮುಂದ ಕಿಡಿ ಹಾರಿ ಸುಟ್ಟದ್ದು.
ಆ ದಿನ ಅತ್ತಿ ಊಟಾ ಮಾಡಿರಲಿಲ್ಲಂತ.
ಜ್ಞಾನಿಗಳು ಮೂವರೂ ಅದಕ್ಕ ಬೊಟ್ಟ ಮಾಡಿ
‘ಅಗೋ’ ಅಂದ್ರು.

ಮೂರನೇ ಕುರಿ ಪಾಳಿ ಬಂತು.
ಬಾಯಿ ಬಿಡಲಿಲ್ಲ.
ಜನಕ್ಕ ಬೆನ್ನ ತಿರುಗಿಸಿ,
ಆಕಾಶದ ತುದಿ ಹಿಡಿದು
ಸಾವಕಾಶ ಮೂಗ ಒರಸ್ಕೊಂಡ.
ಮೊದಲ ನಕ್ಕವರು ಮಾವ.
ಆಮ್ಯಾಲ ಪೆಂಡಾಲೆಲ್ಲಾ.
ಮಾವನ ನಗಿ ಎಲ್ಲರಕಿಂತ ಮೊದಲ ನಿಂತು.

ತಿರುಗಿ ಬರೂಮುಂದ ಆಟೋ ಸಿಗಲಿಲ್ಲ. ನಡದ್ವಿ.
ಥಂಡಿ ಗಾಳಿ, ಬಾಗಲ ಹಾಕಿದ ಅಂಗಡಿ ಸಾಲು.
ಇವರ ಹೆಗಲ ಮ್ಯಾಲ ಎಬಿ,
ದಾರಿಗುಂಟ ಅರಳಿ ಉದುರಸ್ಕೋತ.
‘ಆ ಸೀರಿ,’ ಅಂದ್ರು ಮಾವ.
ನಾನು ಡಬ್ಬಿ ಎದಿಗೆ ಒತ್ತಿ ಹಿಡದೆ.
‘ಯಾರ ಕಟ್ಟ್ಯಾರ ಅದನ್ನ?
ಒಳಮೈ ಹೊರಗ ಮಾಡಿ ಕಟ್ಟ್ಯಾರ.
ಮುಂದಿನ ವರ್ಷ ನಾ ಬರ್ತೇನಿ ಕಟ್ಟಾಕ.
ಒಗದ್ರ ನೆರಳಾಗ ಒಣಗಸಂತ ಹೇಳು ಟೀಚರಗ,
ಕರಿ ಬಣ್ಣ ಬಿಸಿಲಿಗೆ ನಿಲ್ಲೂದಿಲ್ಲ.’

ಮತ್ತ ಮಾತಾಡಲಿಲ್ಲ.
ಮ್ಯಾಲ ನೋಡಿದೆ. ಗದಗಿನ ಆಕಾಶ
ಸುಲ್ಟಾ ಐತೋ ಉಲ್ಟಾ ಐತೋ
ನನಗ ತಿಳೀಲಿಲ್ಲ.
ನಿದ್ದಿಗಣ್ಣಾಗ ಮೂರನೇ ಕುರಿ
‘ಬ್ಯಾ’ ಅಂತು.
ಒಂದ ಸಲ.