ಗುಂಡಿಗೊಂದು ಕತ್ತು

ಕೋಡಿಬಾಗದ ಅಂಗಡಿಯಲ್ಲಿ ಇನಾಸ ಹೇಳುತ್ತಾನೆ:
ಕ್ಲಿಪ್ಪು ತಗೋ ಮಾರಾಯಾ, ಪ್ಯಾಕೆಟ್ಟಿಗೆ ಹತ್ತು.
ದಾರಕ್ಕೆ ಒಮ್ಮೆ ಕಟ್ಟಿಬಿಡು, ಆಮೇಲೆ
ಟಕ್ಕಂತ ತೆಗೆ, ಟಕ್ಕಂತ ಹಾಕು,
ಬೆಳಕು ಬದಲಾದ ಹಾಗೆ ಮೀನು ಬದಲಿಸು.
ಮೀನು ಅಂದರೆ ಅವನ ಬಾಯಲ್ಲಿ ಪ್ಲಾಸ್ಟಿಕ್ಕಿನದು,
ಬೆನ್ನು ಹಸಿರು, ಹೊಟ್ಟೆ ಬೆಳ್ಳಿ,
ಮೂಗಿಗೊಂದು ತಂತಿಯ ಮೂಗುತಿ.

ಪುರ್ಸೋ ದುರ್ಗೇಕರನಿಗೆ ಕ್ಲಿಪ್ಪು ಅಂದರೆ ಆಗದು.
ಹೋದ ನೂಲ ಹುಣ್ಣಿಮೆಗೆ, ಕಡಲಿಗೆ ಕಾಯಿ ಬಿಟ್ಟ ಸಂಜೆಯೇ,
ಸೇತುವೆ ಕಂಬದ ಬುಡದಲ್ಲಿ ಅವನಿಗೊಂದು ಚೋಣಕ ಸಿಕ್ಕಿತ್ತು.
ಸಿಕ್ಕಿತ್ತು ಅಂದರೆ, ಎರಡು ಸಲ ಹಾರಿ ಮುಖ ತೋರಿಸಿತ್ತು.
ದಾರದ ಕೊನೆಗೆ ಬಂದದ್ದು ನೆಟ್ಟಗಾದ ಕ್ಲಿಪ್ಪು ಮಾತ್ರ.
ಅದನ್ನವನು ಪಾಕೀಟಿನಲ್ಲಿ ಇಟ್ಟುಕೊಂಡಿದ್ದಾನೆ,
ಕೇಳದವರಿಗೂ ತೆಗೆದು ತೋರಿಸುತ್ತಾನೆ.
ಮೂಗಿಗೇ ಬಿಗಿ, ಅನ್ನುತ್ತಾನೆ,
ಐದು ಸುತ್ತು ಸುತ್ತಿ, ಎಂಜಲು ಹಚ್ಚಿ, ಕಚ್ಚಿ ಎಳಿ.
ನಡುವೆ ಯಾವ ಬ್ರೋಕರೂ ಬೇಡ.

ನಾನು ದರ್ಜಿ. ಗಂಟಿನ ಬಗ್ಗೆ ನನಗೆ ಯಾರೂ ಹೇಳಬೇಕಿಲ್ಲ
ಅಂದುಕೊಂಡಿದ್ದೆ.
ಬಿಗಿಯಾಗಿಯೇ ಕಟ್ಟಿ ಎಸೆದೆ.
ಇಳಿತದ ನೀರಲ್ಲಿ ಅದು ಬಂತು ನೋಡಿ,
ಬಿಗಿ ಶೂ ಹಾಕಿಕೊಂಡ ಮದುಮಗನ ಹಾಗೆ,
ಕತ್ತು ತಿರುಗಿಸದೆ, ಬಾಲ ಅಲ್ಲಾಡಿಸದೆ.
ದಂಡೆಯ ಏಡಿಗೂ ನಗು ಬಂದಿರಬೇಕು.

ಆಗ ನೆನಪಾದದ್ದು ಅಪ್ಪನ ಕಡ್ಡಿ.
ಕೋರ್ಟಿನ ವಕೀಲರ ಕರಿಕೋಟು ಹೊಲಿಯುತ್ತಿದ್ದ ಕಾಲ.
ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು
ಅದರ ಮೇಲಿಂದ ದಾರ ಹಾಯಿಸುತ್ತಿದ್ದ.
ಕೊನೆಗೆ ಕಡ್ಡಿ ಎಳೆದರೆ ಅಷ್ಟು ಸಡಿಲು ಉಳಿಯುತ್ತಿತ್ತು,
ಆ ಸಡಿಲಿಗೆ ಮೂರು ಸುತ್ತು. ಅದು ಕತ್ತು.
ಕತ್ತಿಲ್ಲದ ಗುಂಡಿ ಬಟ್ಟೆಯನ್ನೇ ಹರಿಯುತ್ತದೆ ಕಣೋ,
ವಕೀಲ ಉಸಿರೆಳೆದರೆ ಕೋಟು ಬಿರಿಯಬಾರದು.

ದಾರಕ್ಕೊಂದು ಸಡಿಲ ಗಂಟು,
ಮೂಗುತಿಯೊಳಗೆ ಹೋಗಿ ಬಂದು, ಆ ಗಂಟಿನ ಬಾಗಿಲಲ್ಲಿ ನುಗ್ಗಿ,
ದಾರದ ಮೈಗೆ ನಾಲ್ಕು ಸುತ್ತು, ಮತ್ತೆ ಅದೇ ಬಾಗಿಲು.
ಕುಣಿಕೆಯಲ್ಲಿ ಬೆಂಕಿಕಡ್ಡಿ ಇಟ್ಟು ಎಳೆದೆ.
ಕಣ್ಣು ಈಗ ಮೊದಲಿನದಲ್ಲ. ಹನ್ನೊಂದು ಸಲ ತಪ್ಪಿತು.
ದೇವಗಡದ ದೀಪ ಕಣ್ಣು ಹೊಡೆಯತೊಡಗಿತ್ತು.
ಹನ್ನೆರಡನೆಯದಕ್ಕೆ ನಿಂತಿತು.

ಇನ್ನು ಈ ರಾತ್ರಿಗೆ ಇದೊಂದೇ ಮೀನು.
ಕಡಿದರೆ ಮತ್ತೆ ಕಟ್ಟಲು ಬೆಳಕಿಲ್ಲ.
ಕೆಂಪು ಹಾಕಬೇಕಿತ್ತೋ, ಬಿಳಿಯೋ, ಆ ಲೆಕ್ಕ ಮುಗಿಯಿತು.
ಇನಾಸನ ಟಕ್ಕು ಟಕ್ಕು ಒಂದು ಗಳಿಗೆ ಬೇಕೆನಿಸಿದ್ದು ಸುಳ್ಳಲ್ಲ.

ಎಸೆದೆ.
ಅದು ಹೆಗಲು ಕುಣಿಸುತ್ತ ಬಂತು,
ಒಮ್ಮೆ ಮಗ್ಗುಲಾಗಿ,
ಒಮ್ಮೆ ಮನೆಯಲ್ಲೇನೋ ಮರೆತು ಬಂದವರ ಹಾಗೆ ತಡೆದು ನಿಂತು,
ಚಂದವಾಗಿ ಸುಳ್ಳು ಹೇಳುತ್ತ.
ನನ್ನ ಬಿಗಿಗೂ ಅದಕ್ಕೂ ನಡುವೆ ಕಡ್ಡಿಯಷ್ಟು ಜಾಗ,
ಅಲ್ಲಿ ನನ್ನ ಮಾತು ನಡೆಯುವುದಿಲ್ಲ.

ನಾಲ್ಕನೆಯ ಎಸೆತಕ್ಕೆ ಹಿಂದೊಂದು ಕೆಂಡ ಹೊತ್ತಿತು,
ನೀರಿನ ಒಂದು ಮೊಳ ಕೆಳಗೆ.
ಹಿಂಬಾಲಿಸಿತು. ನಾನು ಉಸಿರು ಬಿಡಲಿಲ್ಲ,
ಪುರ್ಸೋನೂ ಬಿಡಲಿಲ್ಲ.
ಮೇಲೆಲ್ಲೋ ರೈಲು ಕಾಳಿ ದಾಟುವ ಸದ್ದು.
ಕಾಲಬುಡದವರೆಗೆ ಬಂದು, ನೋಡಿ,
ಮೈ ತಿರುವಿಕೊಂಡು ಹೋಯಿತು,
ಅಂಗಡಿಯಲ್ಲಿ ಸೆರಗು ಮುಟ್ಟಿ ನೋಡಿ
ಬೆಲೆ ಕೇಳದೆ ಇಳಿದು ಹೋಗುವವಳ ಹಾಗೆ.

ನೋಡಿದೆಯಾ, ಅಂದ ಪುರ್ಸೋ.
ಯಾವುದನ್ನು ಅಂತ ಹೇಳಲಿಲ್ಲ.
ಟಾರ್ಚು ಹಾಕಿ ನನ್ನ ಗಂಟನ್ನು
ತಿರುಗಿಸಿ ಮುರುಗಿಸಿ ನೋಡಿದ.
ಬೆಂಕಿಕಡ್ಡಿ ಕೇಳಿದ. ಬೀಡಿಗೆ, ಅಂದ.
ಗೀರಲಿಲ್ಲ.

ಬೆಳಿಗ್ಗೆ ನೇವಿ ಹುಡುಗನೊಬ್ಬನ ಬಿಳಿ ಅಂಗಿ ಬಂತು,
ಎದೆಯ ಮೇಲಿನ ಎರಡನೆಯ ಗುಂಡಿ ಇಲ್ಲ.
ಸೂಜಿಗೆ ಪೋಣಿಸಲು ನೂಲನ್ನು ತುಟಿಗೆ ಒತ್ತಿದೆ.
ಉಪ್ಪು.